ಒಲೆಗೆ ಹೂ ಕೇಳಿದ ಮಂಗಳವಾರ

ಹೋದ ವಾರ ನಮ್ಮ ಎದುರು ಮನೆಯವರು ಹಳೆಯ ಮನೆ ಕೆಡವಿ ಹೊಸದಕ್ಕೆ ಪಾಯ ತೋಡಿಸುತ್ತಿದ್ದರು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು ಬೇರೆಯವರ ಕೆಲಸದ ಮೇಲ್ವಿಚಾರಣೆ ಮಾಡುವುದೇ ಈ ವಯಸ್ಸಿನಲ್ಲಿ ನನಗೆ ಉಳಿದಿರುವ ಉದ್ಯೋಗ. ನಾನು ನೋಡುತ್ತಿದ್ದ ಹಾಗೆಯೇ ಗುದ್ದಲಿ ಹಾಕುತ್ತಿದ್ದ ಆಳಿನ ಕಾಲ ಬುಡದಲ್ಲಿ ನೆಲ ಒಮ್ಮೆಲೇ ಕುಸಿದು ಒಳಕ್ಕೆ ಹೋಯಿತು. ಅವನು ಹೌಹಾರಿ ಹಿಂದಕ್ಕೆ ನೆಗೆದ. ಎಂಜಿನಿಯರ್ ಹುಡುಗ ಓಡಿ ಬಂದು ಇಣುಕಿ ನೋಡಿ, ಹಳೇ ಕಕ್ಕಸು ಗುಂಡಿ ಇರಬೇಕು ಎಂದು ಕರ್ಚೀಫಿನಿಂದ ಮೂಗು ಮುಚ್ಚಿಕೊಂಡ. ನಾನು ಮಾತ್ರ ಮೂಗು ಅರಳಿಸಿಕೊಂಡು ರಸ್ತೆ ದಾಟಿ ಹೋದೆ. ಸುಟ್ಟ ಮಣ್ಣು, ಕೊಳೆತ ಹುಲ್ಲು, ಮುಗ್ಗಿದ ರಾಗಿ, ಈ ಮೂರೂ ಸೇರಿದ ವಾಸನೆ ಭೂಮಿಯ ಮೇಲೆ ಒಂದೇ ಕಡೆಯಿಂದ ಬರುತ್ತದೆ. “ಗುಂಡಿಯಲ್ಲಪ್ಪ, ಅದು ಹಗೇವು” ಎಂದೆ. ಹುಡುಗ ನನ್ನ ಮುಖವನ್ನು, ಅಜ್ಜಿಗೆ ಬಿಸಿಲು ಹತ್ತಿರಬೇಕು ಎನ್ನುವ ಹಾಗೆ ನೋಡಿದ.

ಆ ಹುಡುಗನ ಹಾಗೆ ನಿಮಗೂ ಗೊತ್ತಿಲ್ಲದಿದ್ದರೆ ಹೇಳಿಬಿಡುತ್ತೇನೆ. ಹಗೇವು ಎಂದರೆ ನೆಲದೊಳಗಿನ ಕಣಜ. ಆಕಾರ ನೀರಿನ ಕೊಡದ ಹಾಗೆ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಒಳಗೆಲ್ಲ ಒಣಹುಲ್ಲು ಮೆತ್ತಿಸಿ, ರಾಗಿ ಸುರಿದು, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮುಚ್ಚಿದರೆ ವರ್ಷಗಟ್ಟಲೆ ಕೆಡದೆ ಇರುತ್ತದೆ. ನಮ್ಮ ಕಡೆ ಮನೆಮನೆಗೂ ಇರುತ್ತಿತ್ತು. ನಾನು ಸೊಸೆಯಾಗಿ ಹೋದ ಊರಿನಲ್ಲಂತೂ ದೇವರಿಗೂ ಒಂದಿತ್ತು.

ಹನಕೆರೆ ಸ್ಟೇಷನ್ನಿನಲ್ಲಿ ಇಳಿದು ಗದ್ದೆ ಬದುವಿನ ಮೇಲೆ ನಡೆದರೆ ಸಿಗುತ್ತಿದ್ದ ಕೆಂಚನಕೊಪ್ಪಲು ಎಂಬ ಊರು ಅದು. ನಾನು ಮಳವಳ್ಳಿಯವಳು, ಅಂದರೆ ಪೇಟೆಯವಳು. ಲೋವರ್ ಸೆಕೆಂಡರಿ ಪಾಸು ಮಾಡಿದ್ದೆ. ಆ ಪಾಸಿನ ಜಂಬ ಎಷ್ಟಿತ್ತೆಂದರೆ, ಮುದ್ದೆ ಕಟ್ಟಲು ಬಾರದು ಎನ್ನುವುದನ್ನೂ ಒಂದು ವಿದ್ಯಾರ್ಹತೆಯ ಹಾಗೆ ಹೇಳಿಕೊಳ್ಳುತ್ತಿದ್ದೆ. ನಾನು ಕಟ್ಟಿದ ಮೊದಲ ಮುದ್ದೆಯನ್ನು ಅತ್ತೆ ಅಂಗೈ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿ, “ಇರ್ಲಿ ಬುಡು ಮಗಾ, ಗ್ವಾಡೆ ಮೆತ್ತಕ್ಕಾಯ್ತದೆ” ಅಂದರು. ಆಮೇಲೆ ಮಾವನ ಕಡೆ ತಿರುಗಿ, “ಏನ್ ಮಾಡಾಣ, ಅಮ್ಮನೇ ಆರ್ಸಿದ್ದು” ಎಂದು ಸೇರಿಸಿದರು.

ಈ ‘ಅಮ್ಮನೇ ಆರಿಸಿದ್ದು’ ಎಂಬುದು ಬರೀ ಮಾತಲ್ಲ. ನನ್ನನ್ನು ಆರಿಸಿದವಳು ನಿಜವಾಗಿಯೂ ಊರ ದೇವತೆ ಪಟ್ಟಲದಮ್ಮನೇ. ನಮ್ಮ ಮಾವ ನಿಂಗೇಗೌಡರು ಏನೇ ಮಾಡುವುದಿದ್ದರೂ ಗುಡಿಗೆ ಹೋಗಿ ಹೂ ಕೇಳುತ್ತಿದ್ದರು. ಪೂಜಾರಿ ಕಾಳಪ್ಪ ಅಮ್ಮನ ಮೈತುಂಬ ಕಣಗಿಲೆ ಹೂ ಅಂಟಿಸುತ್ತಿದ್ದ. ಪ್ರಶ್ನೆ ಕೇಳಿ ಕೈಮುಗಿದು ನಿಲ್ಲಬೇಕು. ಬಲಗಡೆಯಿಂದ ಹೂ ಉದುರಿದರೆ ಆಗಲಿ ಎಂದು, ಎಡಗಡೆಯಿಂದ ಉದುರಿದರೆ ಬೇಡ ಎಂದು. ಎತ್ತು ಕೊಳ್ಳಲು, ಬಾವಿ ತೆಗೆಸಲು, ಮಗನಿಗೆ ಹೆಣ್ಣು ತರಲು, ಎಲ್ಲಕ್ಕೂ ಹೂವೇ. ನನ್ನ ಹೆಸರು ಹೇಳಿ ಕೇಳಿದಾಗ ಬಲಗಡೆಯಿಂದ ಒಂದಲ್ಲ, ಒಂದು ಹಿಡಿ ಹೂ ಸುರಿಯಿತಂತೆ. ಕಾಳಪ್ಪ ಅವತ್ತು ಹೂವಿಗೆ ಸಾಕಷ್ಟು ನೀರು ಹಚ್ಚದೆ ಅಂಟಿಸಿದ್ದ ಎಂದು ನಮ್ಮ ಮನೆಯವರು ಆಮೇಲೆ ನನಗೆ ಗುಟ್ಟಾಗಿ ಹೇಳಿದರು. ನಾನು ಅದನ್ನು ನಂಬಲಿಲ್ಲ. ನಂಬಿದರೆ ನನಗೇ ನಷ್ಟ.

ಮಾವ ಗ್ರಾಮ ಪಂಚಾಯ್ತಿಯ ಛೇರ್ಮನ್ನರಾಗಿದ್ದರು. ಊರ ಬಾಯಲ್ಲಿ ‘ಛೇರ್ಮನ್ ಗೌಡ್ರು’. ಮಹಾಯುದ್ಧದ ಕಾಲ. ಸೀಮೆಎಣ್ಣೆ, ಬಟ್ಟೆ, ಸಕ್ಕರೆ ಎಲ್ಲದಕ್ಕೂ ರೇಷನ್. ಸಕ್ಕರೆ ಗಿರಣಿಯ ಕಡೆಗೆ ಕಬ್ಬಿನ ಗಾಡಿಗಳು ನಮ್ಮ ಕಣ್ಣೆದುರೇ ಸಾಲಾಗಿ ಹೋಗುತ್ತಿದ್ದವು, ನಾವು ಮಾತ್ರ ಬೆಲ್ಲದ ಕಾಫಿ ಕುಡಿಯುತ್ತಿದ್ದೆವು. ಊರಿಗೆ ಬರುವ ಸೀಮೆಎಣ್ಣೆ ಹಂಚುವುದು ಮಾವನ ಕೈಯಲ್ಲಿತ್ತು. ಬೇರೆ ಊರುಗಳಲ್ಲಿ ಆ ಕೈಗೆ ಎಣ್ಣೆಯ ಪಸೆ ಹತ್ತಿದ್ದನ್ನು ನಾನು ಕೇಳಿದ್ದೇನೆ. ನಮ್ಮ ಮನೆಯಲ್ಲಿ ಮಾತ್ರ ಹರಳೆಣ್ಣೆ ದೀಪ. ಎಲ್ಲರಿಗೂ ಅಳೆದ ಮೇಲೆ ಡಬ್ಬದ ತಳದಲ್ಲಿ ಉಳಿದರೆ ನಮಗೆ, ಇಲ್ಲದಿದ್ದರೆ ಇಲ್ಲ, ಸಾಮಾನ್ಯವಾಗಿ ಇಲ್ಲ. ನಾನು ಒಮ್ಮೆ, ಓದಲು ಬೆಳಕು ಸಾಲದು ಮಾವ, ಎಂದು ನನ್ನ ಲೋವರ್ ಸೆಕೆಂಡರಿ ದನಿಯಲ್ಲಿ ಹೇಳಿದೆ. ಅವರು ನಕ್ಕು, “ಅಮ್ಮ ನೋಡ್ತಾವ್ಳೆ ಕಣವ್ವಾ. ನಾಳೆ ಯಾವ ಮಕ ಒತ್ಕಂಡು ಅವಳ ಮುಂದೆ ನಿಂತ್ಕಳ್ಳಿ?” ಅಂದರು.

ನಮ್ಮ ಮನೆಯವರು ಮದ್ದೂರಿನ ಶಾಲೆಯಲ್ಲಿ ಮೇಷ್ಟರು. ದಿನಾ ಹನಕೆರೆಯಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಖಾದಿ ತೊಡುತ್ತಿದ್ದರು, ರೈಲಿನಲ್ಲಿ ಯಾರೋ ಓದಿ ಬಿಟ್ಟ ಪೇಪರು ಮಡಿಸಿ ತರುತ್ತಿದ್ದರು. ಅದನ್ನು ಓದಿದ ದಿನವೆಲ್ಲ ಜಗಲಿಯ ಮೇಲೆ ಅಪ್ಪನಿಗೂ ಮಗನಿಗೂ ವಾದ. ನಾನು ಬಾಗಿಲ ಹಿಂದೆ ಕೂತು ಅವರೆಕಾಯಿ ಸುಲಿಯುತ್ತಾ ಎರಡೂ ಕಡೆಗೆ ತಲೆಯಾಡಿಸುತ್ತಿದ್ದೆ.

“ದೇವ್ರು ಗುಡೀಲಿರ್ಲಿ ಅಪ್ಪ. ಚಾವಡಿಗೆ ಯಾಕೆ ಕರ್ಕೊಂಡು ಬರ್ತೀಯ? ಊರು ನಿನ್ನ ಆರ್ಸಿದ್ದು, ಹೂವನ್ನಲ್ಲ.”

“ದ್ಯಾವ್ರ ಭಯ ಇಲ್ದಿದ್ರೆ ನಿನ್ನೆಡ್ತಿ ಓದಕ್ಕೆ ಮನೇಲಿ ಲಾಟೀನು ಉರೀತಿತ್ತು ಕಣ್ಲಾ ಮೇಷ್ಟ್ರೇ. ಆಗ ಊರಿನೋರು ಕತ್ಲೇಲಿರೋರು.”

“ಅದು ನಿನ್ನ ಒಳ್ಳೇತನ.”

“ಒಳ್ಳೇತನ ಎಲ್ಲಿಂದ ಬತ್ತದ್ಲಾ? ಕುಂಬ್ಳಕಾಯಿ ಬಳ್ಳೀಲಿ ಬುಡ್ತದಾ?”

ನೀವೇ ಹೇಳಿ, ಇದಕ್ಕೆ ಏನು ಉತ್ತರ ಕೊಡುತ್ತೀರಿ? ನಮ್ಮ ಮನೆಯವರು ಪೇಪರು ಮಡಿಸಿ ಎದ್ದು ಹೋಗುತ್ತಿದ್ದರು. ನಾನು ಅವರ ಪಕ್ಷವೇ. ಆದರೆ ಹರಳೆಣ್ಣೆ ದೀಪ ಕಂಡಾಗಲೆಲ್ಲ ಪಕ್ಷಾಂತರ ಮಾಡುತ್ತಿದ್ದೆ.

ಅತ್ತೆ ಈ ವಾದಕ್ಕೆ ಬಾಯಿ ಹಾಕುತ್ತಿರಲಿಲ್ಲ. ಭಕ್ತಿಯ ಮಾತು ಬಂದರೆ ಅವರ ಮುಂದೆ ಮಾವ ಇನ್ನೂ ಒಂದನೇ ಕ್ಲಾಸಿನ ಹುಡುಗ. ಮಂಗಳವಾರ ಶುಕ್ರವಾರ ಒದ್ದೆ ಸೀರೆಯಲ್ಲಿ ಗುಡಿ ಸುತ್ತಿ ಬಂದೇ ಬಾಯಿಗೆ ನೀರು ಬಿಡುತ್ತಿದ್ದುದು. ಆದರೆ ಅವರು ಅಮ್ಮನನ್ನು ಏನೂ ಕೇಳುತ್ತಿರಲಿಲ್ಲ, ಮಾತಾಡುತ್ತಿದ್ದರು. “ನೋಡವ್ವ, ಎಮ್ಮೆ ಆಲು ಬತ್ತುಸ್ಕತು” ಎಂದು ಅಕ್ಕತಂಗಿಯರ ಹಾಗೆ ವರದಿ ಒಪ್ಪಿಸಿ ಬರುತ್ತಿದ್ದರು. ಗಂಡನನ್ನೂ ಅಷ್ಟೇ, ‘ನೀನು’ ಎಂದೇ ಮಾತಾಡಿಸುತ್ತಿದ್ದರು. ನಮ್ಮ ಮಳವಳ್ಳಿಯಲ್ಲಿ ಅವ್ವ ಅಪ್ಪನಿಗೆ ‘ನೀವು’ ಎನ್ನುತ್ತಿದ್ದಳು, ಆದರೆ ಹೇಳಬೇಕಾದ್ದನ್ನು ಒಂದೂ ಹೇಳುತ್ತಿರಲಿಲ್ಲ. ಅತ್ತೆಯದು ಇದರ ತದ್ವಿರುದ್ಧ ಎಂದು ನನಗೆ ಬೇಗ ತಿಳಿಯಿತು.

ಒಂದು ವರ್ಷ ಬೇಸಿಗೆ ಕಾಲಿಡುವ ಹೊತ್ತಿಗೇ ಊರಿನಲ್ಲಿ ರಾಗಿ ಮುಗಿಯಿತು. ಕನ್ನಂಬಾಡಿ ನಾಲೆ ಬಂದ ಮೇಲೆ ಎಲ್ಲರೂ ಕಬ್ಬು, ಭತ್ತಕ್ಕೆ ತಿರುಗಿ ರಾಗಿ ಹೊಲ ಕಮ್ಮಿಯಾಗಿತ್ತು. ಭತ್ತದಲ್ಲಿ ಸರ್ಕಾರದ ಪಾಲು ಹೋಗುತ್ತಿತ್ತು. ಮದ್ದೂರಿನ ಡಿಪೋದಲ್ಲಿ ಕಾದು ನಿಂತರೆ ಯಾವುದೋ ದೇಶದ ಜೋಳ ಕೊಡುತ್ತಿದ್ದರು. ಅದನ್ನು ಬೇಯಿಸಿದರೆ ಸೌದೆ ಮುಗಿಯುತ್ತಿತ್ತೇ ಹೊರತು ಜೋಳ ಬೇಯುತ್ತಿರಲಿಲ್ಲ. ನಮ್ಮಂಥ ಜಮೀನಿದ್ದ ಮನೆಗಳು ಹೇಗೋ ತಳ್ಳಿದವು. ಕಷ್ಟ ಬಂದದ್ದು ಕೂಲಿಯವರಿಗೆ, ಅದರಲ್ಲೂ ಕೆಳಗೇರಿಗೆ. ಊರಿನ ಹೊರಗೆ ನಾಲೆಯ ಪಕ್ಕಕ್ಕಿದ್ದ ಆ ಕೇರಿಯವರನ್ನು ಊರೊಳಗಿನವರು ಮುಟ್ಟುತ್ತಿರಲಿಲ್ಲ. ಅವರ ದುಡಿಮೆಯನ್ನು ಮಾತ್ರ ಮುಟ್ಟುತ್ತಿದ್ದರು. ಅಲ್ಲಿ ಸೊಪ್ಪು ಬೇಯಿಸಿಕೊಂಡು ತಿನ್ನುತ್ತಿದ್ದಾರೆ, ಆಮೇಲೆ ಅದಕ್ಕೂ ಉಪ್ಪಿಲ್ಲ, ಎಂಬ ಸುದ್ದಿ ಬರತೊಡಗಿತು.

ಆದರೆ ಅಮ್ಮನ ಹಗೇವು ತುಂಬಿತ್ತು. ಗುಡಿಯ ಅಂಗಳದಲ್ಲಿ ಬೇವಿನ ಮರದ ಕೆಳಗೆ. ಸುಗ್ಗಿ ಮುಗಿದ ಮೇಲೆ ಊರಿಗೂರೇ ಅಮ್ಮನಿಗೆಂದು ರಾಗಿ ಕೊಡುತ್ತಿತ್ತು. ಮಳೆಗಾಲಕ್ಕೆ ಮುಂಚೆ ‘ಪರ’ ಎಂದು ಎಲ್ಲರಿಗೂ ಊಟ ಹಾಕುವುದು ಅದರಿಂದಲೇ. ಯುದ್ಧ ಶುರುವಾದ ಮೇಲೆ ಪರ ಸರಿಯಾಗಿ ನಡೆದಿರಲಿಲ್ಲ, ರಾಗಿ ಮಾತ್ರ ಬೀಳುತ್ತಲೇ ಇತ್ತು. ಕೆಳಗೇರಿಯವರೂ ತಮ್ಮ ಕೂಲಿ ರಾಗಿಯಿಂದ ಬೊಗಸೆ ಬೊಗಸೆ ತೆಗೆದು ಕೊಡುತ್ತಿದ್ದರು. ಗುಡಿಯ ಗೋಡೆಯಾಚೆ ಸುರಿದು ಹೋಗುವರು, ನಮ್ಮವರು ಒಳಕ್ಕೆ ತುಂಬಿಕೊಳ್ಳುವರು. ಮನುಷ್ಯರಿಗಿದ್ದ ಮೈಲಿಗೆ ರಾಗಿಗೆ ಇರಲಿಲ್ಲ.

ನಮ್ಮ ಗದ್ದೆಗೆ ಕೆಲಸಕ್ಕೆ ಬರುತ್ತಿದ್ದವಳು ಕೆಂಪಿ. ಕೆಳಗೇರಿಯವಳು, ಅತ್ತೆಯ ಓರಗೆಯವಳು. ಒಂದು ದಿನ ಹಿತ್ತಿಲಲ್ಲಿ ದೂರಕ್ಕೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಾ, “ಅವ್ವಾ, ಅಮ್ಮ ರಾಗಿ ಉಣ್ತಾಳಾ?” ಎಂದಳು. ಕೊಂಕಲ್ಲ, ನಿಜವಾಗಿ ಕೇಳಿದ ಹಾಗೇ ಇತ್ತು.

ಅತ್ತೆ, “ಅವಳು ಉಂಡಿದ್ನ ನಾನಂತೂ ಕಾಣೆ” ಅಂದರು. ಅವತ್ತು ಊಟಕ್ಕೆ ಕೂತ ಮಾವನ ಮುಂದೆ ತಟ್ಟೆ ಇಟ್ಟು, “ಅಗೇವು ತೆಗ್ಸು” ಎಂದರು.

ಮಾವನಿಗೆ ಇದು ಹೊಳೆದಿರಲಿಲ್ಲ ಎಂದಲ್ಲ. ಹೊಳೆದೇ ಅವರು ಸೊರಗಿದ್ದರು. ತೆಗೆಸಿದರೆ, ನಾವು ದೇವರಿಗೆ ಕೊಟ್ಟದ್ದನ್ನು ಕಂಡಕಂಡವರಿಗೆ ಹಂಚಿದ ಎಂದು ಊರ ದೊಡ್ಡ ಮನೆಗಳವರು ಕೂಗುತ್ತಾರೆ. ಆ ಬೇಸಿಗೆಯಲ್ಲಿ ಯಾರಿಗಾದರೂ ಅಮ್ಮ ಎದ್ದು ಸಿಡುಬಾದರೆ, ದನಕ್ಕೆ ರೋಗ ಬಂದರೆ, ಎಲ್ಲಾ ಛೇರ್ಮನ್ನರ ತಲೆಗೆ. ತೆಗೆಸದಿದ್ದರೆ ಕೆಳಗೇರಿಯ ಹಸಿವು. “ಊ ಕೇಳ್ತೀನಿ” ಎಂದರು.

ಮೊದಲ ಮಂಗಳವಾರ ಕೇಳಿದರು. ಊರೆಲ್ಲ ಗುಡಿಯ ಮುಂದೆ. ಬಿಸಿಲು ನೆತ್ತಿಗೆ ಬಂದರೂ ಒಂದು ಎಸಳು ಅಲುಗಲಿಲ್ಲ. ಕಾಳಪ್ಪ ಒಳಗಿಂದ, “ಅಮ್ಮ ಮಾತಾಡ್ತಿಲ್ಲ, ಮುಂದಿನ್ ವಾರ ನೋಡಾಣ” ಎಂದ.

ಮುಂದಿನ ವಾರ ಹೂ ಬಿತ್ತು. ಬಲಕ್ಕೂ ಅಲ್ಲ, ಎಡಕ್ಕೂ ಅಲ್ಲ. ನೆಟ್ಟಗೆ ಅಮ್ಮನ ಮಡಿಲಿಗೆ! ಇಂಥದ್ದು ಹಿಂದೆ ನಡೆದೇ ಇರಲಿಲ್ಲವಾದ್ದರಿಂದ ಅರ್ಥ ಹೇಳುವವರು ಹುಟ್ಟಿಕೊಂಡರು. ಮಡಿಲಿಗೆ ಹಾಕಿಕೊಂಡಳು ಅಂದರೆ ನಂದು ನನಗೇ ಇರಲಿ ಎಂದು ಅರ್ಥ, ಎಂದರು ಹಗೇವು ತೆಗೆಯುವುದು ಬೇಡ ಎನ್ನುವವರು. ಮಡಿಲು ಅಂದರೆ ತಾಯಿ, ತಾಯಿ ಅಂದರೆ ಉಣ್ಣಿಸುವವಳು, ಎಂದರು ಬೇಕು ಎನ್ನುವವರು. ಸಾಯಂಕಾಲದ ಹೊತ್ತಿಗೆ ಜಗಳ ಎಲ್ಲಿಗೆ ಬಂತೆಂದರೆ, ಬಿದ್ದದ್ದು ಹೂವೋ ಎಲೆಯೋ ಎನ್ನುವವರೆಗೆ. ನಮ್ಮ ಮನೆಯವರು ರೈಲಿಳಿದು ಬಂದವರು ಈ ಕಥೆ ಕೇಳಿ ಹೊಟ್ಟೆ ಹಿಡಿದು ನಕ್ಕರು. ಮಾವ ನಗಲಿಲ್ಲ. “ಮುಂದಿನ ಮಂಗಳವಾರ ಇನ್ನೊಂದ್ ಕಿತ ಕೇಳ್ತೀನಿ” ಎಂದರು.

ಅಡಿಗೆಮನೆಯಲ್ಲಿ ಅತ್ತೆ ನನಗೆ ಮಾತ್ರ ಕೇಳುವ ಹಾಗೆ, “ನಿಮ್ಮಾವಂಗೆ ದ್ಯಾವ್ರ ಭಯ ಅಲ್ಲ ಕಣವ್ವಾ, ಊರಿನ್ ಭಯ. ದ್ಯಾವ್ರ ಸೆರಗಲ್ಲಿ ಬಚ್ಚಿಟ್ಕಂಡವ್ನೆ” ಎಂದರು.

ಮೂರನೆಯ ಮಂಗಳವಾರ. ಮಾವ ಮಡಿಯುಟ್ಟು ಗುಡಿಗೆ ಹೊರಡುವ ಮುಂಚೆಯೇ ಅತ್ತೆ ಒದ್ದೆ ಸೀರೆಯಲ್ಲಿ ಹೋಗಿ ನಿಂತಿದ್ದರು. ನಾನೂ ಹಿಂದೆ. ಮಾವ ಬಂದು, ಊರೂ ಬಂದು, ಕಾಳಪ್ಪ ಹೂ ಅಂಟಿಸಿ ಮುಗಿಸಿದ ಮೇಲೆ ಅತ್ತೆ ಮುಂದಕ್ಕೆ ಬಂದು ಕೈಮುಗಿದರು. “ಇವತ್ತು ಮದ್ಲು ನಂದು” ಎಂದು, ಗಟ್ಟಿಯಾಗಿ ಕೇಳಿದರು:

“ಅವ್ವಾ ತಾಯಿ, ಇವತ್ತು ನಮ್ಮನೆ ಒಲೆ ಅಚ್ಲಾ, ಬ್ಯಾಡ್ವಾ? ಅಚ್ಚು ಅನ್ನೋದಾದ್ರೆ ಬಲಗಡೆ ಊ ಕೊಡು. ಬ್ಯಾಡ ಅನ್ನೋದಾದ್ರೆ ಎಡಗಡೆ ಕೊಡು. ನೀನು ಏಳೋಗಂಟ ನಾನು ಬೆಂಕಿ ಮುಟ್ಟಾಕಿಲ್ಲ.”

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಮಾವನ ಮುಖ ಕೆಂಪಾಯಿತು. “ಏನಮ್ಮೀ ಇದು? ಒಲೆ ಅಚ್ಚಕ್ಕೂ ಊ ಕೇಳ್ತಾರಾ?”

“ಊರು ಉಣ್ಣಕ್ಕೆ ಊ ಬೇಕು ಅಂದ್ಮೇಲೆ, ಊರ ಗೌಡ ಉಣ್ಣಕ್ಕೆ ಬ್ಯಾಡ್ವಾ?”

ಹೂ ಬೀಳಲಿಲ್ಲ. ಹಿಂದಿನ ವಾರದ ಗಲಾಟೆಗೆ ಹೆದರಿ ಕಾಳಪ್ಪ ಅವತ್ತು ಹೂವನ್ನು ಒತ್ತಿ ಒತ್ತಿ ಅಂಟಿಸಿದ್ದನೇನೋ, ದೇವರಿಗೇ ಗೊತ್ತು. ಅತ್ತೆಯ ಪ್ರಶ್ನೆಗೇ ಉತ್ತರ ಬಾರದೆ ಮಾವ ತಮ್ಮದನ್ನು ಕೇಳುವ ಹಾಗಿಲ್ಲ. ಊರು ಕಾದು ಕಾದು ಚದುರಿತು. ನಾವು ಮನೆಗೆ ಬಂದೆವು. ಅತ್ತೆ ಒಲೆಯ ಬೂದಿ ಬಾಚಿ, ಗುಡಿಸಿ, ಸಾರಿಸಿ, ನಡುವೆ ಒಂದು ರಂಗೋಲಿ ಬಿಟ್ಟರು. ಒಲೆ ಅಷ್ಟು ಚೆನ್ನಾಗಿ ಕಂಡದ್ದನ್ನು ನಾನು ಮತ್ತೆ ನೋಡಿಲ್ಲ.

ನನಗೆ ಮಾತ್ರ ಹಿತ್ತಿಲಲ್ಲಿ ಹುರಿಗಡಲೆ, ಬೆಲ್ಲ, ಒಂದು ಚೊಂಬು ಮಜ್ಜಿಗೆ ಸಿಕ್ಕಿತು. “ಬೆಂಕಿ ಮುಟ್ಟಾಕಿಲ್ಲ ಅಂದೆ, ನನ್ ಸೊಸೆ ಅಲ್ಲು ಆಡ್ಸಬಾರ್ದು ಅಂದ್ನಾ?” ಎಂದರು ಅತ್ತೆ. ತಾವು ತಿನ್ನಲಿಲ್ಲ. ಮಾವನಿಗೂ ಮಜ್ಜಿಗೆ ಕೊಟ್ಟರು. ಅವರು ಛಲಕ್ಕೆ ಬಿದ್ದು ಬರೀ ನೀರು ಕುಡಿದು ಜಗಲಿಯ ಮೇಲೆ ಗೋಡೆಗೊರಗಿ ಕೂತರು. ನಮ್ಮ ಮನೆಯವರು ಸಾಯಂಕಾಲ ಬಂದವರು ವಿಷಯ ತಿಳಿದು, ನಾನೂ ಉಪವಾಸ ಮಾಡುತ್ತೇನೆ, ಇದು ತತ್ತ್ವದ ಪ್ರಶ್ನೆ, ಎಂದು ಘೋಷಿಸಿದರು. ಆದರೆ ಅವರು ಹತ್ತಿರ ಬಂದಾಗ ಖಾದಿ ಜುಬ್ಬದಿಂದ ಮದ್ದೂರು ಸ್ಟೇಷನ್ನಿನ ವಡೆಯ ಈರುಳ್ಳಿ ವಾಸನೆ ಘಮ್ಮೆಂದಿತು. ತತ್ತ್ವವನ್ನು ರೈಲಿನಲ್ಲೇ ತಿಂದು ಬಂದಿದ್ದರು. ನಾನು ಬಾಯಿ ಬಿಡಲಿಲ್ಲ, ನನ್ನ ಸೆರಗಿನಲ್ಲೂ ಹುರಿಗಡಲೆಯ ಸಿಪ್ಪೆ ಇತ್ತಲ್ಲ.

ಮಾರನೆಯ ಬೆಳಿಗ್ಗೆ ಮಾವ ಜಗಲಿಯ ಮೇಲೆ ಹಾಗೇ ಕೂತಿದ್ದರು. ಮೂರು ಹೊತ್ತು ಮುದ್ದೆ ಉಣ್ಣುತ್ತಿದ್ದ ದೇಹ ಒಂದೇ ದಿನಕ್ಕೆ ಬಾಡಿತ್ತು. ಆಗ ಕೆಂಪಿ ಬಂದಳು. ಬೀದಿಯಲ್ಲೇ ನಿಂತು, ಮಡಿಲಿನಿಂದ ಒಂದು ಕಂತೆ ಅಣ್ಣೆ ಸೊಪ್ಪು ತೆಗೆದು ಜಗಲಿಯ ಕೊನೆಗೆ ಇಟ್ಟಳು.

“ಗೌಡ್ರೇ, ಅವ್ವಾರ್ಗೆ ಉಸಾರಿಲ್ವಾ? ನೆನ್ನೆಯಿಂದ ನಿಮ್ಮನೆ ಸೂರಿನ್ ಮ್ಯಾಲೆ ಒಗೆನೇ ಕಾಣ್ಲಿಲ್ಲ. ನಮ್ ಕೇರಿಯೋರೆಲ್ಲ ಏನಾಯ್ತೋ ಏನೋ ಅಂತಾವ್ರೆ. ಸೊಪ್ಪು ಕುಯ್ದಿದ್ದೆ, ಅವ್ವಾರ್ಗೆ ಇರ್ಲಿ ಅಂತ ತಂದೆ.”

ಮಾವ ಸೊಪ್ಪಿನ ಕಡೆ ನೋಡಿದರು, ಅವಳ ಕಡೆ ನೋಡಿದರು. “ನಿಮ್ಮನೇಲಿ ಒಗೆ ಎದ್ದದಾ ಕೆಂಪಿ?” ಎಂದರು.

“ನಮ್ದು ಬುಡಿ ಗೌಡ್ರೇ. ನಮ್ ಒಗೆ ಎದ್ರೂ ಊರಿಗ್ ಕಂಡದ್ದು ಯಾವತ್ತು?” ಎಂದು ನಕ್ಕು, ಅವಳು ಗದ್ದೆಯ ಕಡೆ ಹೊರಟಳು.

ಬಾಗಿಲ ಹಿಂದೆ ನಿಂತಿದ್ದ ನಾನು ಅತ್ತೆಯ ಮುಖ ನೋಡಿದೆ. ಗೆದ್ದ ಮುಖವಲ್ಲ ಅದು. ಅವರ ಕಣ್ಣಲ್ಲಿ ನೀರಿತ್ತು. ಊರಿನ ಹಸಿವು ಗಂಡನಿಗೆ ಕಾಣಲಿ ಎಂದು ಅವರು ಒಲೆ ಆರಿಸಿದ್ದರು. ನಮ್ಮ ಒಲೆ ಆರಿದ್ದು ಆ ಹಸಿದ ಕೇರಿಗೆ ಕಾಣುತ್ತದೆ, ಅಲ್ಲಿಯವರು ನಮಗಾಗಿ ಮರುಗುತ್ತಾರೆ ಎಂದು ಅತ್ತೆಯೂ ಎಣಿಸಿರಲಿಲ್ಲ.

ಮಾವ ಎದ್ದರು. ಟವಲು ಹೆಗಲಿಗೆ ಹಾಕಿಕೊಂಡು ನೇರ ಗುಡಿಗೆ ನಡೆದರು. ಮಡಿಯಿಲ್ಲ, ಸ್ನಾನವಿಲ್ಲ. ನಾವಿಬ್ಬರೂ ಹಿಂದೆ ಓಡಿದೆವು. ಕಾಳಪ್ಪ ಹೂಬುಟ್ಟಿ ಎತ್ತಿಕೊಂಡ. ಮಾವ, “ಊ ಬ್ಯಾಡ ಕಾಳಪ್ಪ, ಮಡುಗು” ಎಂದು ಬಾಗಿಲಲ್ಲೇ ನಿಂತು, ಅತ್ತೆ ಮಾತಾಡುತ್ತಿದ್ದ ಹಾಗೆಯೇ ಅಮ್ಮನ ಜೊತೆ ಮಾತಾಡಿದರು.

“ತಾಯಿ, ನಾನಿವತ್ತು ಕೇಳಾಕ್ ಬಂದಿಲ್ಲ, ಏಳಾಕ್ ಬಂದಿವ್ನಿ. ಅಗೇವು ತೆಗಿಸ್ತೀನಿ. ಸರಿಯೋ ತಪ್ಪೋ, ಮಾಡ್ತಿರೋನು ನಾನು. ತಪ್ಪಾದ್ರೆ ನನ್ನ ಇಡ್ಕೊ. ಊರ್ನ ಮುಟ್ಬ್ಯಾಡ.”

ಆಮೇಲೆ ಅಡ್ಡಬಿದ್ದು ಎದ್ದರು. ನಿಜವಾದ ಭಕ್ತ ಹಾಗೆ ಹೇಳಬೇಕಾದರೆ ಎಷ್ಟು ಹೆದರಿರಬೇಕು ಎಂಬುದು ನಮ್ಮಂಥ ಅರೆಭಕ್ತರಿಗೆ ಅರ್ಥವಾಗುವುದಿಲ್ಲ. ನಮ್ಮ ಮನೆಯವರಿಗಾಗಿದ್ದರೆ ಹಗೇವು ತೆಗೆಸುವುದು ಸುಲಭ. ಅವರ ಪಾಲಿಗೆ ಅಲ್ಲಿ ಯಾರೂ ನೋಡುತ್ತಿರಲಿಲ್ಲ. ಮಾವನನ್ನು ಅಮ್ಮ ನೋಡುತ್ತಿದ್ದಳು. ನೋಡುತ್ತಿರುವಾಗಲೇ ತೆಗೆಸಿದರು.

ದೊಡ್ಡ ಮನೆಗಳವರು ಬಂದು ಕೂಗಾಡಿದರು. ಮಾವ ಅವರಿಗೂ ಅದೇ ಮಾತು ಹೇಳಿದರು: “ನಾನು ತೆಗುಸ್ತಿರೋದು. ಅಮ್ಮ ಏಳಿದ್ಲು ಅಂತ ಯಾರ್ಗೂ ಏಳಾಕಿಲ್ಲ. ಮುಂದಿನ್ ಸಲ ಛೇರ್ಮನ್ ಮಾಡ್ಬ್ಯಾಡಿ, ಓಗಿ.” ಜಗಳವಾಡಲು ಬಂದವರಿಗೆ ಇದು ಕಷ್ಟವಾಯಿತು. ಹೂವಿನ ಅರ್ಥ ಇದಲ್ಲ ಎಂದು ವಾದಿಸಬಹುದಿತ್ತು. ‘ನಾನು’ ಎನ್ನುವವನ ಜೊತೆ ಏನು ವಾದ?

ಮಣ್ಣು ಸರಿಸಿ, ಚಪ್ಪಡಿ ಎತ್ತಿ, ಕೆಟ್ಟ ಗಾಳಿ ಹೋಗಲೆಂದು ಬಹಳ ಹೊತ್ತು ಬಿಟ್ಟರು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಒಳಕ್ಕೆ ಇಳಿಬಿಟ್ಟರು. ದೀಪ ಆರದಿದ್ದರೆ ಮನುಷ್ಯ ಇಳಿಯಬಹುದು. ಆರಲಿಲ್ಲ. ಆ ಬೆಳಕಿನಲ್ಲಿ ರಾಗಿ, ಆಗ ತಾನೇ ಒಕ್ಕಿದ ಹಾಗೆ, ಕೆಂಪಗೆ ಮಿನುಗಿತು. ಮೇಲೆದ್ದ ವಾಸನೆಗೆ ಸುತ್ತ ನಿಂತವರೆಲ್ಲ ಒಮ್ಮೆ ಉಸಿರು ಎಳೆದುಕೊಂಡರು. ಕೂಗಾಡಲು ಬಂದವರೂ ಸೇರಿ.

ಅಳೆಯುವುದು ಗುಡಿಯ ಅಂಗಳದಲ್ಲಲ್ಲ, ಚಾವಡಿಯ ಮುಂದಿನ ಬಯಲಿನಲ್ಲಿ ಎಂದು ಮಾವ ಹೇಳಿದರು. ಅಂಗಳಕ್ಕೆ ಕೆಳಗೇರಿಯವರು ಬರುವ ಹಾಗಿರಲಿಲ್ಲ, ಬಯಲಿಗೆ ಬರಬಹುದಿತ್ತು. ಇದನ್ನು ನಾನು ದೊಡ್ಡ ಕ್ರಾಂತಿ ಎಂದು ಹೇಳಿ ನಿಮಗೆ ಮೋಸ ಮಾಡುವುದಿಲ್ಲ. ಅವತ್ತು ಗುಡಿಯ ಬಾಗಿಲು ಅವರಿಗೆ ತೆರೆಯಲಿಲ್ಲ; ಹಗೇವಿನ ಬಾಯಿ ತೆರೆಯಿತು, ಅಷ್ಟೇ. ಆದರೂ ಒಂದೇ ಸೇರಿನಲ್ಲಿ, ತಲೆಗೆ ಇಷ್ಟು ಎಂದು, ಎಲ್ಲರಿಗೂ ಒಂದೇ ಲೆಕ್ಕದಲ್ಲಿ ಅಳೆದದ್ದು ನಮ್ಮ ಊರಿನಲ್ಲಿ ಅದೇ ಮೊದಲು. ಕೆಂಪಿ ಮೊರ ತುಂಬಿಸಿಕೊಂಡು ಹೋಗುವಾಗ ಅತ್ತೆಯನ್ನು ಕಂಡು, “ಅಮ್ಮ ಉಣ್ಣಾಕಿಲ್ಲ, ಅಲ್ವ್ರಾ ಅವ್ವಾ?” ಎಂದಳು.

“ಇವತ್ತು ಉಣ್ತಾಳೆ ಕಣ್ ಓಗು” ಎಂದರು ಅತ್ತೆ.

ಇದೆಲ್ಲ ಮುಗಿಯುವ ಹೊತ್ತಿಗೆ ಕಾಳಪ್ಪ ಗುಡಿಯಿಂದ ಏದುಸಿರು ಬಿಡುತ್ತಾ ಓಡಿಬಂದ. “ಗೌಡ್ರೇ! ಬಲಗಡೆ ಊ ಕೊಟ್ಲು! ಬಲಗಡೆ!” ಯಾರೂ ಏನೂ ಕೇಳಿರಲಿಲ್ಲ. ಹಿಂದಿನ ದಿನದ ಹೂ ಒಣಗಿ ತಾನೇ ಉದುರಿತ್ತು. ಆದರೂ ಊರು ಹೋ ಎಂದಿತು, ಮಾವನ ಮುಖ ಹುಣ್ಣಿಮೆಯಾಯಿತು. ಮನೆಗೆ ಬಂದು ಕೂತ ಮೇಲೆ ಅತ್ತೆ ತಣ್ಣಗೆ ಕೇಳಿದರು:

“ಎಡಕ್ ಬಿದ್ದಿದ್ರೆ ಕೊಟ್ಟಿದ್ನೆಲ್ಲ ಈಸ್ಕಂಡು ವಾಪಸ್ ತುಂಬ್ತಿದ್ಯಾ?”

ಮಾವ ಹೆಗಲಿನ ಟವಲು ತೆಗೆದು ಮುಖ ಒರೆಸಿಕೊಂಡರು. ಆಮೇಲೆ ನಗಲು ಶುರು ಮಾಡಿದರು. ಹೊಟ್ಟೆಯಲ್ಲಿ ಏನೂ ಇಲ್ಲದೆ ಮನುಷ್ಯ ಅಷ್ಟು ನಗುವುದನ್ನು ನಾನು ನೋಡಿರಲಿಲ್ಲ. “ಇಲ್ಲ ಕಣಮ್ಮೀ, ತುಂಬ್ತಿರ್ಲಿಲ್ಲ” ಎಂದರು. “ಮದ್ಲು ಒಲೆ ಅಚ್ಚು.”

“ನಂಗಿನ್ನೂ ಊ ಬಂದಿಲ್ವಲ್ಲ?” ಎಂದು ಅತ್ತೆ ಒಂದು ಗಳಿಗೆ ಆಡಿಸಿ, ಒಲೆಗೆ ಬೆಂಕಿ ಹಾಕಿದರು. ಕೆಂಪಿಯ ಅಣ್ಣೆ ಸೊಪ್ಪಿನ ಸಾರು. ಮುದ್ದೆ ನಾನೇ ಕಟ್ಟಿದೆ. ಯಾರೂ ಗೋಡೆಯ ಮಾತೆತ್ತಲಿಲ್ಲ.

ಆ ಬೇಸಿಗೆಯಲ್ಲಿ ದೊಡ್ಡ ಮನೆಯೊಂದರ ಎಮ್ಮೆ ಸತ್ತಿತು. ನೋಡಿದ್ರಾ, ಎಂದರು ಅವತ್ತು ಕೂಗಾಡಿದವರು. ಮಾವ ಹೋಗಿ ಎಮ್ಮೆಯ ಯಜಮಾನನ ಪಕ್ಕದಲ್ಲಿ ಕೂತು ಸಮಾಧಾನ ಹೇಳಿ ಬಂದರು, ಅಷ್ಟೇ. ಮಳೆ ಬಂತು, ಬೆಳೆ ಬಂತು, ಸುಗ್ಗಿಯಲ್ಲಿ ಊರು ಯಾರೂ ಕೇಳದೆಯೇ ಹಗೇವನ್ನು ಕಂಠಮಟ್ಟ ತುಂಬಿತು. ಮಾವ ಆಮೇಲೂ ಹೂ ಕೇಳುತ್ತಿದ್ದರು: ಎತ್ತಿಗೆ, ನಂಟಸ್ತಿಕೆಗೆ, ತಮ್ಮ ಸೊಂಟನೋವಿಗೆ. ಪಂಚಾಯ್ತಿಯದನ್ನು ಮಾತ್ರ ಚಾವಡಿಯಲ್ಲೇ ಮುಗಿಸಿ, ಆಮೇಲೆ ಗುಡಿಗೆ ಹೋಗಿ ಹೇಳಿ ಬರುತ್ತಿದ್ದರು. ಸ್ವಾತಂತ್ರ್ಯ ಬಂದಾಗ, ದಿನ ಚೆನ್ನಾಗಿಲ್ಲವಂತೆ, ಬಾವುಟ ಇವತ್ತೇ ಏರಿಸಬೇಕೋ ಹೂ ಕೇಳೋಣ ಎಂದು ಕಾಳಪ್ಪ ಬಂದ. “ಇದನ್ನ ಇಷ್ಟ್ ಜನ ಸೇರಿ ಕೇಳಿ ಈಸ್ಕಂಡವ್ರೆ, ಇನ್ಯಾರ್ನ ಕೇಳೀಯೆ?” ಎಂದು ಮಾವ ಕಂಬಕ್ಕೆ ಕುಂಕುಮವಿಟ್ಟು, ಕಾಯಿ ಒಡೆದು, ಹಗ್ಗವನ್ನು ಮಗನ ಕೈಗೆ ಕೊಟ್ಟರು. ನಮ್ಮ ಮನೆಯವರು ಕಾಯಿ ಒಡೆದದ್ದಕ್ಕೆ ತಕರಾರು ಮಾಡಲಿಲ್ಲ. ತಮ್ಮ ಪಾಲಿನ ಚೂರನ್ನು ತಿಂದು ಆಮೇಲೆ ಭಾಷಣ ಮಾಡಿದರು.

ಅಪ್ಪ ಸರಿಯೋ ಮಗ ಸರಿಯೋ ಎಂದು ಕೇಳಿದರೆ ನಾನು ಇವತ್ತೂ ಬಾಗಿಲ ಹಿಂದೆ ಕೂತು ತಲೆಯಾಡಿಸುವವಳೇ. ಆದರೆ ಅತ್ತೆ ಸರಿ ಎನ್ನುವುದರಲ್ಲಿ ಅನುಮಾನವಿಲ್ಲ.

ಇಷ್ಟು ಬರೆಯುವ ಹೊತ್ತಿಗೆ ಯಾರೋ ಕದ ತಟ್ಟಿದರು. ಮುನಿಸಿಪಾಲಿಟಿ ಚುನಾವಣೆಗೆ ನಿಂತಿರುವ ಹುಡುಗ, ಹಿಂದೆ ನಾಲ್ಕಾರು ಜನ. ಕೈಯಲ್ಲಿ ಬೆಳ್ಳಿ ತಟ್ಟೆ, ಅದರಲ್ಲಿ ಕುಂಕುಮ. “ಅಜ್ಜಿ, ಅಮ್ಮನ ಪ್ರಸಾದ ತಂದಿದ್ದೀನಿ. ಅಮ್ಮನ ಮುಂದೆ ಚೀಟಿ ಹಾಕಿಸಿಯೇ ನಿಂತಿರೋದು. ಆಶೀರ್ವಾದ ಮಾಡಿ.”

ಇಷ್ಟು ವರ್ಷ ಇಂಥವರು ಬಂದಾಗ ಒಳ್ಳೇದಾಗಲಪ್ಪ ಎಂದು ಹೇಳಿ ಕದ ಮುಚ್ಚುತ್ತಿದ್ದೆ. ಇವತ್ತು ಕುಂಕುಮ ತೆಗೆದು ಕಣ್ಣಿಗೊತ್ತಿ ಹಣೆಗಿಟ್ಟುಕೊಂಡೆ. ಕದವನ್ನು ಪೂರ್ತಿ ತೆರೆದೆ.

“ಇದು ಅಮ್ಮನದು, ಇಸ್ಕೊಂಡೆ. ಇನ್ನು ನಿಂದು ಏನು ತಂದಿದ್ದೀಯೋ, ಒಳಗೆ ಬಂದು ಕೂತ್ಕೊಂಡು ಹೇಳು” ಎಂದೆ.

ಹುಡುಗ ಹಿಂದಿದ್ದವರ ಮುಖ ನೋಡಿದ. ಆಮೇಲೆ, ಪಾಪ, ಚಪ್ಪಲಿ ಕಳಚಿದ.